ಗಂಟು ಹೊಲಿಗೆಯ ಕೋಟು

"ಅಮ್ಮಾ, ಗೆರೆಯಿಂದ ಈಚೆ ನಿಂತ್ಕೊಳ್ಳಿ," ಎಂದು ಕಾವಲಿನವನು ಎರಡನೆಯ ಸಲ ಹೇಳಿದಾಗ ಪುಟ್ಟಿ ಬೆಚ್ಚಿ ಹಿಂದೆ ಸರಿದಳು. ನೆಲಕ್ಕೆ ಅಂಟಿಸಿದ್ದ ಕಪ್ಪು ಪಟ್ಟಿ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಎದುರಿನ ಗೊಂಬೆಗೆ ತೊಡಿಸಿದ್ದ ಉದ್ದನೆಯ ಗೌನನ್ನು ಹಳೆಯ ಎಕ್ಸ್-ರೇ ಹಾಳೆಗಳಿಂದ ಹೊಲಿದಿದ್ದರು. ಒಳಗೊಂದು ದೀಪ ಇಟ್ಟಿದ್ದರಿಂದ ಯಾರದೋ ಪಕ್ಕೆಲುಬು, ಯಾರದೋ ಮೊಣಕಾಲು, ಒಂದು ಮಗುವಿನ ಮುಂಗೈ ನೀಲಿಯಾಗಿ ಹೊಳೆಯುತ್ತಿದ್ದವು.

"ಅಣ್ಣ, ಇದನ್ನ ಹಾಕ್ಕೊಂಡು ಬಸ್ಸಲ್ಲಿ ಕೂತ್ರೆ ಏನು ಗತಿ? ಪಕ್ಕದಲ್ಲಿರೋರು ಔಷಧಿ ಬರೆದು ಕೊಟ್ಟುಬಿಡ್ತಾರೆ!"

ಮಾಸ್ಟರು ನಕ್ಕಂತೆ ಮಾಡಿದರು. ಅವರ ಕಣ್ಣು ಅಭ್ಯಾಸಬಲದಿಂದ ಹೊಲಿಗೆಯ ಮೇಲೆ ಹೋಗಿತ್ತು. "ಸೂಜಿ ತೂತು ದೂರ ದೂರ ಹಾಕಿದಾರೆ ನೋಡು. ಹತ್ತಿರ ಹಾಕಿದ್ರೆ ಹಾಳೆ ಹರಿದು ಬರುತ್ತೆ," ಎಂದರು. 

ಅರವತ್ತೆಂಟು ವರ್ಷದ ಅವರನ್ನು ಎಲ್ಲರೂ ಮಾಸ್ಟರು ಎಂದೇ ಕರೆಯುತ್ತಿದ್ದರು, ಕಟ್ಟಿಕೊಂಡ ಹೆಂಡತಿ ಕೂಡ. ಕತ್ತರಿ ಹಿಡಿದೇ ತಲೆ ನೆರೆದಿತ್ತು. ಹೆಸರಾಂತ ವಿನ್ಯಾಸಕಿಯೊಬ್ಬರ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಯಜಮಾನರಾಗಿ ನಿವೃತ್ತಿಯಾಗಿದ್ದರು. ತಂಗಿ ಪುಟ್ಟಿಯೂ ಒಂದು ಕಾಲಕ್ಕೆ ಅಲ್ಲೇ ಕಸೂತಿ ಹಾಕುತ್ತಿದ್ದಳು. ಆ ವಿನ್ಯಾಸಕಿಯನ್ನು ಕೆಲಸಗಾರರೆಲ್ಲ ಮೇಡಂ ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ವಸ್ತುಸಂಗ್ರಹಾಲಯದಲ್ಲಿ ಹೊಸ ಬಗೆಯ ಉಡುಪುಗಳ ಪ್ರದರ್ಶನ ನಡೆಯುತ್ತಿತ್ತು, ಅದರಲ್ಲಿ ಮೇಡಂ ಮಾಡಿಸಿದ ಒಂದು ಕೋಟೂ ಇತ್ತು. ಹಳೆಯ ಕೆಲಸಗಾರರಿಗೆಂದು ಬಂದಿದ್ದ ಆಹ್ವಾನಪತ್ರವನ್ನು ಮಾಸ್ಟರು ಹಳೆಯ ಪೇಪರುಗಳ ಜೊತೆ ಸೇರಿಸಿ ಸುಮ್ಮನಿದ್ದರು. ಆದರೆ ಪುಟ್ಟಿ ಬಸ್ ನಿಲ್ದಾಣದಲ್ಲಿ ಆಳೆತ್ತರದ ಚಿತ್ರ ನೋಡಿ ಸೀದಾ ಅಣ್ಣನ ಮನೆಗೆ ಬಂದಿದ್ದಳು. "ಅಣ್ಣ, ಅದು ನಮ್ಮ ಕೋಟು! ಬೆನ್ನಿನ ಮೇಲೆ ಕರಿಕಲೆ ಹಾಗೇ ಇದೆ. ನನ್ನ ಕರ್ಕೊಂಡು ಹೋಗು. ಒಂದೇ ಸಲ ನೋಡ್ತೀನಿ."

ಬೇಡ ಎನ್ನಲಾಗದೆ ಮಾಸ್ಟರು ಪೇಪರುಗಳ ನಡುವಿನಿಂದ ಆಹ್ವಾನಪತ್ರವನ್ನು ಹುಡುಕಿ ತೆಗೆದರು.

ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರಲು ಹೋದಾಗ ಎಂದಿನಂತೆ ಮೆಟ್ಟಿಲ ಕೆಳಗೆ ಕಾಯಬೇಕಾಯಿತು. ಪುಟ್ಟಿ ಬೀಗ ಹಾಕಿ ಇಳಿದು ಬಂದಳು. ನಾಲ್ಕು ಹೆಜ್ಜೆ ಇಟ್ಟವಳು "ಗ್ಯಾಸ್ ನೋಡಿದ್ನಾ?" ಎಂದು ಮತ್ತೆ ಹತ್ತಿದಳು. ಇಳಿದು ಬಂದು, ಗೇಟು ದಾಟಿ, "ಒಂದ್ನಿಮಿಷ ಅಣ್ಣ" ಎಂದು ಇನ್ನೊಮ್ಮೆ ಹತ್ತಿದಳು. ಅರವತ್ತೆರಡರ ಮಂಡಿ, ಎರಡು ಮಹಡಿ. ಮೂರನೆಯ ಸಲ ಇಳಿದು ಬಂದಾಗ ಏದುಸಿರು ಬಿಡುತ್ತ, "ಏನು ಮಾಡ್ಲಿ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ," ಎಂದು ನಕ್ಕಳು. ಮಾಸ್ಟರು ರಸ್ತೆಯ ಕಡೆ ತಿರುಗಿ ನಿಂತರು. ಈ ನಗೆಯನ್ನು ಅವರು ಮೂವತ್ತಾರು ವರ್ಷಗಳಿಂದ ಕೇಳುತ್ತ ಬಂದಿದ್ದರು.

ಕಸೂತಿಯವಳಾದರೂ ಅವಳ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಬಟ್ಟೆಗಳನ್ನು ಹಾಸಿಗೆಯ ಕೆಳಗೆ ಒತ್ತಿಟ್ಟು ಉಡುತ್ತಿದ್ದಳು. ಬಂಧುಬಳಗದ ಮಕ್ಕಳೆಲ್ಲ ಅವಳನ್ನು ಮರೆಗುಳಿ ಅತ್ತೆ ಎನ್ನುತ್ತಿದ್ದರು. ಆ ಹೆಸರಿಟ್ಟಿದ್ದು ಮಾಸ್ಟರ ಮಗಳೇ, ಆಗ ಅವಳಿಗೆ ಐದು ವರ್ಷ. ಊಟದ ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕಿದ್ದರು. ಮಾಸ್ಟರೂ ನಕ್ಕಿದ್ದರು.

ಮುಂದಿನ ಕೋಣೆಯಲ್ಲಿ ಐದು ತೋಳಿನ ಅಂಗಿ ಇತ್ತು. ಅದರಾಚೆ ಬರೀ ಜಿಪ್ಪುಗಳನ್ನು ಜೋಡಿಸಿ ಮಾಡಿದ ಲಂಗ, ಸುತ್ತಲೂ ಎಳೆದರೆ ಪೂರಾ ಬಿಚ್ಚಿಕೊಂಡು ಒಂದೇ ಉದ್ದನೆಯ ಪಟ್ಟಿಯಾಗುತ್ತದಂತೆ. ಪುಟ್ಟಿ ಪ್ರತಿಯೊಂದರ ಮುಂದೆಯೂ ನಿಂತು, ಕತ್ತು ಓರೆ ಮಾಡಿ, ಒಳಮೈ ಹೇಗಿದೆ ಎಂದು ಬಗ್ಗಿ ನೋಡಿದಳು. "ಐದು ಕಂಕುಳು ಕೂರಿಸಿದೋನು ಯಾರೋ ಪುಣ್ಯಾತ್ಮ. ನೀನಾಗಿದ್ರೆ ಮೊದಲ ದಿನಾನೇ ಕತ್ತರಿ ಎಸೆದು ಮನೆಗೆ ಬರ್ತಿದ್ದೆ," ಎಂದಳು. ಅವಳು ಹೀಗೆ ಲವಲವಿಕೆಯಿಂದ ಮಾತಾಡಿದ್ದನ್ನು ಮಾಸ್ಟರು ಕೇಳಿ ಎಷ್ಟೋ ಕಾಲವಾಗಿತ್ತು. ಅವಳ ಮಾತು ಏರಿದಷ್ಟೂ ಅವರ ಹೆಜ್ಜೆ ನಿಧಾನವಾಗುತ್ತಿತ್ತು.

ಕೊನೆಯ ಕೋಣೆಗೆ ಮುಂಚಿನ ಓಣಿಯಲ್ಲಿ ಪುಟ್ಟಿ ಅವರ ತೋಳು ಹಿಡಿದು ನಿಲ್ಲಿಸಿದಳು. ದನಿ ತಗ್ಗಿಸಿ, "ಅಲ್ಲಿ ಯಾರಿಗೂ ಹೇಳ್ಬೇಡ, ಆಯ್ತಾ? ಸುಟ್ಟೋಳು ಇವಳೇ ಅಂತ ಗೊತ್ತಾಗೋದು ಬೇಡ," ಎಂದಳು.

"ಇಲ್ಲ," ಎಂದರು ಮಾಸ್ಟರು.

ಕೋಟು ಒಂದೇ ಒಂದು, ದೊಡ್ಡ ಕೋಣೆಯ ನಡುವೆ, ಗಾಜಿನೊಳಗೆ ನಿಂತಿತ್ತು. ನೆಲ ಮುಟ್ಟುವ ಬಿಳಿ ಕೋಟು. ಬೆನ್ನ ತುಂಬ ಬಿಳಿ ದಾರದಲ್ಲೇ ಹಾಕಿದ ಸಾಸಿವೆಯಷ್ಟು ಸಣ್ಣ ಗಂಟುಗಳು. ಕತ್ತಿನ ಕೆಳಗೆ ದಟ್ಟವಾಗಿ, ಸೊಂಟದ ಹತ್ತಿರ ವಿರಳವಾಗಿ, ಅಂಚಿಗೆ ಬರುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು. ಏಳು ತಿಂಗಳು ಪುಟ್ಟಿ ಒಬ್ಬಳೇ ಕೂತು ಹಾಕಿದ ಗಂಟುಗಳು. ಎಡ ಭುಜದ ಮೂಳೆ ಬರುವ ಕಡೆ ಒಂದು ಅಂಗೈ ಅಗಲದ ಸುಟ್ಟ ಗುರುತು. ನಡುವೆ ಕಪ್ಪು, ಅಂಚಿಗೆ ಕಂದು, ಇಸ್ತ್ರಿಪೆಟ್ಟಿಗೆಯ ಮೂತಿ ಸ್ಪಷ್ಟವಾಗಿ ಮೂಡಿತ್ತು.

ಮಾಸ್ಟರು ಅದನ್ನು ಕಣ್ಣಾರೆ ನೋಡದೆ ಮೂವತ್ತು ವರ್ಷದ ಮೇಲಾಗಿತ್ತು. ಆದರೂ ಅದರ ಆಕಾರ ಅವರಿಗೆ ಬಾಯಿಪಾಠವಿತ್ತು.

ಮೂವತ್ತಾರು ವರ್ಷದ ಹಿಂದೆ, ಅವತ್ತು ಮೇಡಂ ಅವರ ಫ್ಯಾಷನ್ ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಇಸ್ತ್ರಿ ಮಾಡುವವನಿಗೆ ಜ್ವರ, ಬಂದಿರಲಿಲ್ಲ. ಮಧ್ಯಾಹ್ನ ಪುಟ್ಟಿಯೇ ಲೈನಿಂಗ್ ಬಟ್ಟೆಯನ್ನು ಇಸ್ತ್ರಿ ಮಾಡಿ ಮುಗಿಸಿ, ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಮೇಜಿನ ತುದಿಯ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಉಳಿದವರ ಜೊತೆ ಚಹಾಕ್ಕೆ ಕೆಳಗಿಳಿದಿದ್ದಳು. ಮಾಸ್ಟರು ಮಾತ್ರ ಮೇಲೆ ಉಳಿದರು. ಕೋಟಿನ ಪಕ್ಕದ ಹೊಲಿಗೆ ಒಂದು ಕಡೆ ಉಬ್ಬಿತ್ತು. ಸಂಜೆಗೆ ಮೇಡಂ ಬಂದು ನೋಡುವಷ್ಟರಲ್ಲಿ ಕೂರಿಸಿಬಿಡೋಣ ಎಂದು ಅವರೇ ಪ್ಲಗ್ಗು ಚುಚ್ಚಿದರು. ಕತ್ತರಿ ಹಿಡಿಯುವವರು ಇಸ್ತ್ರಿ ಮುಟ್ಟುವ ರೂಢಿ ಅಲ್ಲಿರಲಿಲ್ಲ. ಎರಡು ಸಲ ಒತ್ತಿದ್ದರು ಅಷ್ಟೆ, ಮೆಟ್ಟಿಲ ಬುಡದಿಂದ ಗುಮಾಸ್ತ ಕೂಗಿದ: "ಮಾಸ್ಟರೇ, ಆಸ್ಪತ್ರೆಯಿಂದ ಫೋನು! ನಿಮ್ಮ ಮನೆಯವರನ್ನ ಹೆರಿಗೆಗೆ ಒಳಗೆ ಕರ್ಕೊಂಡು ಹೋದ್ರಂತೆ!"

ಕೈಯಲ್ಲಿದ್ದದ್ದನ್ನು ಇಟ್ಟು ಓಡಿದರು. ಅಳತೆ ಟೇಪು ಕೊರಳಲ್ಲೇ ಇತ್ತು. ಆಟೋದಲ್ಲಿ ಅರ್ಧ ದಾರಿ ಹೋದ ಮೇಲೆ ಅವರಿಗೆ ಹೊಳೆಯಿತು: ಪೆಟ್ಟಿಗೆ ಇಟ್ಟಾಗ ಸದ್ದಾಗಲಿಲ್ಲ. ಕಲ್ಲಿನ ಮೇಲಿಟ್ಟರೆ ಠಣ್ ಎನ್ನಬೇಕಿತ್ತು. ಎನ್ನಲಿಲ್ಲ.

ಇಳಿದು ಎಲ್ಲಿಂದಲಾದರೂ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಆಸ್ಪತ್ರೆ ತಲುಪಿದಾಗ ಮಗಳು ಹುಟ್ಟಿದ್ದಳು. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಹೋದಾಗ ಎಲ್ಲ ಮುಗಿದುಹೋಗಿತ್ತು. ಹೊಗೆ ಕಂಡು ಎಲ್ಲರೂ ಮೇಲೆ ಓಡಿ ಬಂದರಂತೆ. ಇಸ್ತ್ರಿಪೆಟ್ಟಿಗೆಯನ್ನು ಕೊನೆಯದಾಗಿ ಮುಟ್ಟಿದವರು ಯಾರು ಎಂದು ಮೇಡಂ ಕೇಳಿದರಂತೆ. "ನಾನೇ... ಕಿತ್ತಿದ್ದೆ ಅಂದ್ಕೊಂಡಿದ್ದೆ," ಎಂದಳಂತೆ ಪುಟ್ಟಿ. ಕತ್ತರಿಯವರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ, ಮೇಡಂ ಅವಳನ್ನು ಅಲ್ಲೇ ಕೆಲಸದಿಂದ ಬಿಡಿಸಿದ್ದರು. ಅವಳ ಕುರ್ಚಿ ಖಾಲಿಯಿತ್ತು. ಕಸೂತಿಯ ಚೌಕಟ್ಟಿಗೆ ಸೂಜಿ ಚುಚ್ಚಿದ ಹಾಗೇ ಇತ್ತು.

ಪ್ರದರ್ಶನ ಮುಗಿಯಲಿ, ಹೇಳೋಣ ಎಂದುಕೊಂಡರು ಮಾಸ್ಟರು. ಇನ್ನೊಂದು ಕೋಟು ಮಾಡಲು ಸಮಯವಿಲ್ಲದೆ ಸುಟ್ಟದ್ದನ್ನೇ ರೂಪದರ್ಶಿಗೆ ತೊಡಿಸಿ ವೇದಿಕೆಗೆ ಕಳಿಸಿದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಯವರು ಸುತ್ತುವರಿದಾಗ ಮೇಡಂ, ನಾನೇ ಸುಟ್ಟೆ, ಬೇಕೆಂದೇ ಸುಟ್ಟೆ ಎಂದರು. ಪರದೆಯ ಹಿಂದೆ ಮಾಸ್ಟರು ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ನಿಂತು ಕೇಳಿಸಿಕೊಂಡರು. ಪುಟ್ಟಿ ವಾಪಸು ಬಂದರೆ ಆ ಮಾತು ಸುಳ್ಳೆಂದು ಬಯಲಾಗುತ್ತಿತ್ತು, ಅಲ್ಲಿಂದಾಚೆ ಅವಳನ್ನು ಕರೆಯುವ ಮಾತೇ ಇರಲಿಲ್ಲ. ಆರು ತಿಂಗಳಲ್ಲಿ ಅವರು ವಿಭಾಗದ ಯಜಮಾನರಾದರು. ಮಗು ಕೂತಿತು, ನಿಂತಿತು, ನಡೆಯಿತು. ಹೇಳಬೇಕಾದ ಮಾತು ದಿನಕ್ಕಿಷ್ಟು ಭಾರವಾಗುತ್ತ ಹೋಯಿತು.

ಎರಡು ವರ್ಷದ ಮೇಲೆ ಬೇರೊಂದು ಕಾರ್ಖಾನೆಯ ಒಡತಿ ಹುಡುಕಿಕೊಂಡು ಮನೆಗೇ ಬಂದಿದ್ದಳು, ಕಸೂತಿಯ ವಿಭಾಗವನ್ನೇ ಪುಟ್ಟಿಗೆ ಒಪ್ಪಿಸುತ್ತೇನೆ ಎಂದು. ಪುಟ್ಟಿ ಅಣ್ಣನನ್ನು ಕೇಳಿದಳು. "ಆಸೆ ಇದೆ, ಆದ್ರೆ ಭಯ. ಮತ್ತೇನಾದ್ರೂ ಸುಟ್ಟರೆ?" ಒಂದು ಮಾತು ಸಾಕಿತ್ತು. ಮಾಸ್ಟರು, "ಧೈರ್ಯ ಇಲ್ದಿದ್ರೆ ಬೇಡ ಬಿಡು," ಎಂದಿದ್ದರು. ಅವಳು ಬಿಟ್ಟಳು. ಆಮೇಲೆ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಇಲ್ಲಿಯವರೆಗೂ ಮನೆಯಲ್ಲಿ ಕೂತು ಅಂಗಡಿಗಳಿಗೆ ಹುಕ್ಕು, ಗುಂಡಿ, ಕಾಜ ಹಾಕಿಕೊಟ್ಟಳು.

ಈಗ ಪುಟ್ಟಿ ಗಾಜಿನ ಪಕ್ಕದ ಫಲಕದ ಮುಂದೆ ನಿಂತು, ಕನ್ನಡಕ ಏರಿಸಿಕೊಂಡು, ಶಾಲೆಯ ಮಗುವಿನ ಹಾಗೆ ಬೆರಳು ಆಡಿಸುತ್ತ ಗಟ್ಟಿಯಾಗಿ ಓದುತ್ತಿದ್ದಳು. "...ತಿಂಗಳುಗಟ್ಟಲೆ ನಡೆದ ಕೈಕೆಲಸದ ಮೇಲೆ, ಪ್ರದರ್ಶನದ ಹಿಂದಿನ ದಿನ, ವಿನ್ಯಾಸಕಿ ಸ್ವತಃ ಕಾದ ಇಸ್ತ್ರಿಪೆಟ್ಟಿಗೆಯನ್ನು ಇರಿಸಿದರು. ಸೌಂದರ್ಯವನ್ನು ಗಾಯಗೊಳಿಸುವ ಧೈರ್ಯ..." ಅಲ್ಲಿಗೆ ನಿಲ್ಲಿಸಿದಳು. ಮತ್ತೆ ಮೊದಲಿನಿಂದ, ಈ ಸಲ ಸದ್ದಿಲ್ಲದೆ, ಓದಿದಳು.

ಅವಳು ತಿರುಗಿದಾಗ ಕಣ್ಣು ತುಂಬಿತ್ತು.

"ನೋಡಿದ್ಯಾ ಅಣ್ಣ? ಮೇಡಂ ತಮ್ಮ ಮೇಲೆ ಹಾಕ್ಕೊಂಡುಬಿಟ್ಟಿದಾರೆ. ನನ್ನ ಹೆಸರು ಕೆಡದ ಹಾಗೆ ಮುಚ್ಚಿದಾರೆ. ನಾನು ಪಾಪಿ, ಇಷ್ಟು ವರ್ಷ ಅವರನ್ನ ಮನಸ್ಸಲ್ಲೇ ಬೈಕೊಂಡು ಬಂದೆ. ಸತ್ತರು ಅಂತ ಗೊತ್ತಾದಾಗಲೂ ಹೋಗ್ಲಿಲ್ಲ." ಅವಳು ಗಾಜಿನ ಕಡೆ ತಿರುಗಿ, ಕಪ್ಪು ಪಟ್ಟಿಯ ಈಚೆಯೇ ನಿಂತು, ಎರಡೂ ಕೈ ಜೋಡಿಸಿದಳು. "ತಪ್ಪು ನಂದು, ಅವರು ಹೊತ್ಕೊಂಡ್ರು."

ಹಾದುಹೋಗುತ್ತಿದ್ದ ಗಂಡಹೆಂಡಿರಿಬ್ಬರು ಕೋಟಿಗೆ ಕೈಮುಗಿದು ನಿಂತ ಹೆಂಗಸನ್ನು ನೋಡಿ ನಿಧಾನಿಸಿದರು.  ತಾನು ಹೇಳಬೇಕು ಎಂದು ಮಾಸ್ಟರು ತೀರ್ಮಾನಿಸಲಿಲ್ಲ. ಆ ಜೋಡಿಸಿದ ಕೈಗಳನ್ನು ಕೆಳಗಿಳಿಸಬೇಕು ಎನ್ನುವುದಷ್ಟೇ ಅವರ ತಲೆಯಲ್ಲಿತ್ತು.

"ಕಿತ್ತಿದ್ದೆ ನೀನು," ಎಂದರು.

"ಹಾಂ?"

"ಪ್ಲಗ್ಗು. ಅವತ್ತು ನೀನು ಕಿತ್ತೇ ಹೋಗಿದ್ದೆ. ಮತ್ತೆ ಹಾಕಿದ್ದು ನಾನು. ಪಕ್ಕದ ಹೊಲಿಗೆ ಒತ್ತೋಕೆ ಅಂತ. ಆಸ್ಪತ್ರೆಯಿಂದ ಫೋನು ಬಂತು, ಇಟ್ಟು ಓಡಿದೆ. ಕೋಟಿನ ಮೇಲೇ ಇಟ್ಟಿದ್ದೆ."

ಪುಟ್ಟಿ ಜೋಡಿಸಿದ ಕೈಗಳನ್ನು ಹಾಗೇ ಹಿಡಿದುಕೊಂಡು ಅವರ ಮುಖ ನೋಡಿದಳು. ಅವಳು ಕೂಗಾಡುತ್ತಾಳೆ ಅಥವಾ ಕುಸಿಯುತ್ತಾಳೆ ಎಂದು ಮಾಸ್ಟರು ಎಷ್ಟೋ ಸಲ ಊಹಿಸಿಕೊಂಡಿದ್ದರು. ಅವಳು ಕೇಳಿದ್ದು ಬೇರೆ.

"ಕಲ್ಲಿನ ಮೇಲೆ ನಿಲ್ಲಿಸಿದ್ನಾ?"

"ನಿಲ್ಲಿಸಿದ್ದೆ ನೀನು."

"ನೆಟ್ಟಗೆ?"

"ನೆಟ್ಟಗೆ. ವೈರು ಸುತ್ತಿ ಇಟ್ಟಿದ್ದೆ."

"ವೈರು ಸುತ್ತಿದ್ದೆ," ಎಂದು ಪುಟ್ಟಿ ಮೆಲ್ಲಗೆ ಹೇಳಿಕೊಂಡಳು. "ನನಗೆ ನೆನಪಿತ್ತು. ಸುತ್ತಿದ್ದು ನೆನಪಿತ್ತು. ಆದ್ರೆ ಎಲ್ಲರೂ... ಆಮೇಲೆ ಅದು ಅದರ ಹಿಂದಿನ ದಿನದ ನೆನಪು ಇರಬೇಕು ಅಂದ್ಕೊಂಡೆ." ಅವಳು ಕೈಗಳನ್ನು ಬಿಡಿಸಿ ಅಂಗೈಗಳನ್ನು ನೋಡಿಕೊಂಡಳು. "ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಅತ್ತಿಗೆಗೆ?"

"ಯಾರಿಗೂ ಇಲ್ಲ."

"ನಿನಗೆ ಗೊತ್ತಿತ್ತಲ್ಲ." ದನಿಯಲ್ಲಿ ಏರಿಳಿತವಿರಲಿಲ್ಲ. "ಅಮ್ಮ ಸಾಯೋವರೆಗೂ ನನ್ನ ಕೈಗೆ ಬೆಂಕಿಪೊಟ್ಟಣ ಕೊಡ್ಲಿಲ್ಲ. ನಿನ್ನ ಮಗಳ ಮಗೂನ ಎತ್ಕೊಂಡ್ರೆ ಮನೆಯವರೆಲ್ಲ ಹಿಂದೇನೇ ಬರ್ತಾರೆ, ಎಲ್ಲಾದ್ರೂ ಇಟ್ಟು ಮರೆತುಬಿಡ್ತೀನೇನೋ ಅಂತ. ನೀನೂ ಬಂದಿದ್ದೀಯ ಅಣ್ಣ. ಹಿಂದೆ ಹಿಂದೆ ಬಂದಿದ್ದೀಯ."

ಬಂದಿದ್ದರು. ಅದು ಹೌದು.  "ತಪ್ಪಾಯ್ತು ಪುಟ್ಟಿ," ಎಂದರು. ಆ ಮಾತು ಬಾಯಿಂದ ಹೊರಗೆ ಬಿದ್ದಾಗ ಎಷ್ಟು ಚಿಕ್ಕದು ಎಂದು ಅವರಿಗೇ ಕಂಡಿತು. "ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ."

"ಮೊದಲು ನಿನ್ನ ಮಗಳಿಗೆ ಹೇಳು. ಹೆಸರಿಟ್ಟೋಳು ಅವಳೇ ತಾನೆ."

"ಸಂಜೆ ಹೋದ ತಕ್ಷಣ..."

"ಈಗ."

ಅವಳು ಸೆರಗನ್ನು ಸರಿಮಾಡಿಕೊಂಡು ಅವರನ್ನು ದಾಟಿ ಹೋದಳು. ಬಾಗಿಲ ಬಳಿ ಕಾವಲಿಗಿದ್ದ ಹುಡುಗಿಯ ಮುಂದೆ ಒಂದು ಗಳಿಗೆ ನಿಂತಳು. "ಆ ಕೋಟಿನ ಗಂಟುಗಳಿದಾವಲ್ಲಮ್ಮ, ಅಷ್ಟನ್ನೂ ಹಾಕಿದ್ದು ನಾನು," ಎಂದದ್ದು ಮಾಸ್ಟರಿಗೆ ಕೇಳಿಸಿತು. ಕಾವಲಿನವಳು ಮರ್ಯಾದೆಗೆ ಮುಗುಳ್ನಕ್ಕು, "ಹೌದಾ ಅಮ್ಮ? ಚೆನ್ನಾಗಿದೆ," ಎಂದಳು. ನಂಬಿದಂತೆ ಕಾಣಲಿಲ್ಲ. ಪುಟ್ಟಿ ಅದಕ್ಕೆ ಕಾಯಲೂ ಇಲ್ಲ.

ಮಾಸ್ಟರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಫೋನು ತೆಗೆದರು. ಮೊದಲು ತಪ್ಪು ನಂಬರಿಗೆ ಹೋಯಿತು. ಆಮೇಲೆ ಮಗಳು ಸಿಕ್ಕಳು. ಆಫೀಸಿನಲ್ಲಿದ್ದಳು, ಹಿನ್ನೆಲೆಯಲ್ಲಿ ಯಾರೋ ನಗುತ್ತಿದ್ದರು. "ಏನಪ್ಪಾ, ಅತ್ತೆ ಎಲ್ಲಾದ್ರೂ ಪರ್ಸ್ ಮರೆತುಬಂದ್ರಾ?" ಎಂದಳು ತಮಾಷೆಗೆ.

"ಇಲ್ಲ. ಅವಳು ಏನೂ ಮರೆತಿಲ್ಲಮ್ಮ. ಯಾವತ್ತೂ ಮರೆತಿಲ್ಲ."

ಹೇಳಿದರು. ನಡುನಡುವೆ ತಡವರಿಸಿ, ಇಸ್ತ್ರಿ, ಪ್ಲಗ್ಗು, ಗುಮಾಸ್ತ, ಆಟೋ ಎಲ್ಲ ಹೇಳಿದರು. ಕಾರ್ಖಾನೆಯ ಒಡತಿ ಮನೆಗೆ ಬಂದದ್ದನ್ನು ಬಿಟ್ಟುಬಿಡೋಣ ಎನಿಸಿತು. ಬಿಡಲಿಲ್ಲ, ಅದನ್ನೂ ಹೇಳಿದರು.  ಮಗಳು ಎದ್ದು ಎಲ್ಲೋ ಹೊರಗೆ ಬಂದಿರಬೇಕು, ನಗುವಿನ ಸದ್ದು ನಿಂತಿತು.

"ನಾನು ಹುಟ್ಟಿದ ದಿನಾನಾ ಅಪ್ಪಾ?"

"ಹೌದು."

"ಪ್ರತಿ ವರ್ಷ ಆ ದಿನ ಅತ್ತೆ ನನಗೊಂದು ಕರ್ಚೀಫ್ ಹೊಲಿದು ಕೊಡ್ತಾರೆ," ಎಂದಳು ಮಗಳು. ಆಮೇಲೆ, "ನಾನು ಅವರ ಹತ್ರ ಮಾತಾಡ್ತೀನಿ. ಈಗ ಇಡ್ತೀನಪ್ಪ," ಎಂದು ಇಟ್ಟುಬಿಟ್ಟಳು. ಅವಳು ಯಾವತ್ತೂ 'ಹುಷಾರಾಗಿ ಬಾ' ಎನ್ನದೆ ಫೋನು ಇಟ್ಟವಳಲ್ಲ.

 ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದು ಮಾಸ್ಟರು ಇಷ್ಟು ವರ್ಷ ನಂಬಿದ್ದರು. ಹಾಗೇನೂ ಆಗಲಿಲ್ಲ. ಎದುರಿಗೆ ಹುಡುಗಿಯರ ಗುಂಪೊಂದು ಕೋಟಿನ ಮುಂದೆ ನಿಂತು, ಸುಟ್ಟ ಗುರುತು ಬೀಳುವ ಹಾಗೆ ಫೋಟೋ ತೆಗೆದುಕೊಳ್ಳುತ್ತಿತ್ತು. ಒಬ್ಬಳು ಗೆಳತಿಗೆ, "ಎಷ್ಟು ಧೈರ್ಯ ಅಲ್ವಾ ಆಕೆಗೆ," ಎನ್ನುತ್ತಿದ್ದಳು.

ಪುಟ್ಟಿಯನ್ನು ಹುಡುಕಿಕೊಂಡು ಹೊರಟರು. ಓಣಿಯಲ್ಲಿರಲಿಲ್ಲ, ಚಹಾದಂಗಡಿಯಲ್ಲಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೋಗಿಬಿಟ್ಟಳೇನೋ ಎಂದು ಹೊರಬಾಗಿಲಿನ ತನಕ ಹೋಗಿ ಬಂದರು. ಕೊನೆಗೆ ನೆಲಮಹಡಿಯ ಒಂದು ಬೆಳಕಿನ ಕೋಣೆಯಲ್ಲಿ ಕಂಡಳು. ಅಲ್ಲೊಂದು ಉದ್ದನೆಯ ಮೇಜು, ಮೇಜಿನ ಉದ್ದಕ್ಕೂ ಹಾಸಿದ ಬೂದು ಬಟ್ಟೆ. ನೋಡಲು ಬಂದವರು ಯಾರು ಬೇಕಾದರೂ ಕೂತು ಅದರ ಮೇಲೆ ತಮಗೆ ತೋಚಿದ್ದನ್ನು ಹೊಲಿದು ಹೋಗಬಹುದು ಎಂದು ಬರೆದಿತ್ತು. ಬಟ್ಟೆಯ ಮೇಲೆ ಆಗಲೇ ವಕ್ರವಕ್ರ ಹೂಗಳು, ಒಂದು ಬೆಕ್ಕು, ಯಾರದೋ ಹೆಸರಿನ ಅರ್ಧ ಮೂಡಿದ್ದವು. ಐದಾರು ಜನ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಪುಟ್ಟಿ ತುದಿಯ ಕುರ್ಚಿಯಲ್ಲಿ ಕೂತು, ಕೆಂಪು ದಾರದ ತುದಿಯನ್ನು ಹಲ್ಲಿನಿಂದ ಕಡಿದು ಸೂಜಿಗೆ ಪೋಣಿಸಲು ನೋಡುತ್ತಿದ್ದಳು.

ಮಾಸ್ಟರು ಹತ್ತಿರ ಹೋಗಿ ನಿಂತರು. "ಹೇಳಿದೆ," ಎಂದರು.

ಪುಟ್ಟಿ ತಲೆ ಎತ್ತದೆ ಹೂಂಗುಟ್ಟಿದಳು. ದಾರ ಸೂಜಿಯ ಕಣ್ಣಿನ ಪಕ್ಕಕ್ಕೆ ಜಾರಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಜಾರಿತು. ಕನ್ನಡಕವನ್ನು ಹಣೆಗೇರಿಸಿ, ಸೂಜಿಯನ್ನು ಮೂಗಿನ ಹತ್ತಿರ ತಂದಳು.

"ಕೊಡು ಇಲ್ಲಿ, ನಾನು ಹಾಕ್ಕೊಡ್ತೀನಿ," ಎಂದು ಮಾಸ್ಟರು ಕೈ ಚಾಚಿದರು.

ಪುಟ್ಟಿ ಆ ಕೈಯನ್ನು ನೋಡಿದಳು. ಆಮೇಲೆ ಆಚೆಗೆ ತಿರುಗಿ, ಪಕ್ಕದ ಕುರ್ಚಿಯಲ್ಲಿ ಮಡಿಲ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಸೂಜಿದಾರ ಎರಡನ್ನೂ ಕೊಟ್ಟು, "ಇದೊಂದು ಪೋಣಿಸಿ ಕೊಡ್ತೀರಾ?" ಎಂದು ಕೇಳಿದಳು. ಆ ಹೆಂಗಸು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಪೋಣಿಸಿದಳು. ಅಲ್ಲಿಯವರೆಗೂ ಪುಟ್ಟಿ ಅಂಗೈ ತೆರೆದುಕೊಂಡು ಅವಳ ಕಡೆಗೇ ತಿರುಗಿ ಕೂತಿದ್ದಳು.